ಏಜೆಂಟ್ ಓದುವಂತೆ ಟೂಲಿನ ವಿವರಣೆ ಬರೆಯುವುದು

ಮುಂಬೈಯ ಹೋಟೆಲುಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ಡಾಕ್ಯುಮೆಂಟೇಶನ್ ನನ್ನ ಪಾಲಿನ ಕೆಲಸ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಬಂದು ಮಾಟುಂಗ, ಚೆಂಬೂರು, ಅಂಧೇರಿ, ಠಾಣೆಗಳಲ್ಲಿ ಹೋಟೆಲ್ ನಡೆಸುತ್ತಿರುವವರು. ಇಷ್ಟು ಕಾಲ ನಮ್ಮ ಕೈಪಿಡಿಗಳನ್ನು ಓದುತ್ತಿದ್ದವರು ಕ್ಯಾಶ್ ಕೌಂಟರಿನಲ್ಲಿ ಕೂರುವವರು ಮತ್ತು ನಮ್ಮ ಎಪಿಐಗೆ (ಬೇರೆ ಪ್ರೋಗ್ರಾಮುಗಳು ನಮ್ಮ ಸಾಫ್ಟ್‌ವೇರಿನೊಡನೆ ವ್ಯವಹರಿಸುವ ದಾರಿ) ತಮ್ಮ ಆ್ಯಪನ್ನು ಜೋಡಿಸುವ ಪ್ರೋಗ್ರಾಮರುಗಳು. ಈಗ ಅವರ ಜೊತೆಗೆ ಎಐ ಏಜೆಂಟ್ ಕೂಡ ಸೇರಿಕೊಂಡಿದೆ. ಮಾಲೀಕರು ಫೋನಿನಲ್ಲಿ ನಿನ್ನೆಯ ಪಾರ್ಸೆಲ್ ವ್ಯಾಪಾರ ಎಷ್ಟಾಯಿತು, ಉದ್ದಿನಬೇಳೆ ಇನ್ನೆಷ್ಟು ದಿನಕ್ಕೆ ಸಾಕು ಎಂದು ಕೇಳಿದರೆ, ನಮ್ಮ ಸಾಫ್ಟ್‌ವೇರಿನ ಯಾವ ಟೂಲನ್ನು, ಅಂದರೆ ಒಂದು ನಿರ್ದಿಷ್ಟ ಕೆಲಸ ಮಾಡಿಕೊಡುವ ಭಾಗವನ್ನು, ಕರೆಯಬೇಕೆಂದು ಏಜೆಂಟ್ ತಾನೇ ನಿರ್ಧರಿಸಿ, ಅದನ್ನು ಕರೆದು, ಬಂದ ಉತ್ತರವನ್ನು ಓದಿ, ಮಾಲೀಕರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುತ್ತದೆ. ಈ ಹೊಸ ಓದುಗನಿಗಾಗಿ ವಿವರಣೆಗಳನ್ನು ತಿದ್ದುತ್ತಾ ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಏಜೆಂಟಿನ ಒಳಗೆ ಕೆಲಸ ಮಾಡುವ ಭಾಷಾ ಮಾದರಿಗಳು ಹೊರಗಿನ ಪ್ರೋಗ್ರಾಮುಗಳನ್ನು ಕರೆಯುವ ವ್ಯವಸ್ಥೆ ಬಳಕೆಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಓಪನ್‌ಎಐ ತನ್ನ ಎಪಿಐಯಲ್ಲಿ ಫಂಕ್ಷನ್ ಕಾಲಿಂಗ್ ಸೌಲಭ್ಯ ಕೊಟ್ಟದ್ದು 2023ರ ಜೂನ್‌ನಲ್ಲಿ. ಯಾರ ಮಾದರಿಯಾದರೂ ಯಾರ ಟೂಲನ್ನಾದರೂ ಒಂದೇ ಕ್ರಮದಲ್ಲಿ ಕರೆಯುವಂತಾಗಲಿ ಎಂದು ಆಂಥ್ರೊಪಿಕ್ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬುದನ್ನು, ಈಗ ಎಲ್ಲರೂ ಎಂಸಿಪಿ ಎನ್ನುವುದನ್ನು, ಪ್ರಕಟಿಸಿದ್ದು 2024ರ ನವೆಂಬರ್‌ನಲ್ಲಿ. ಎಂಸಿಪಿಯಲ್ಲಿ ಪ್ರತಿ ಟೂಲಿಗೂ ಒಂದು ಹೆಸರು, ಸಾದಾ ಮಾತಿನಲ್ಲಿ ಬರೆದ ಒಂದು ವಿವರಣೆ, ಮತ್ತು ಅದಕ್ಕೆ ಯಾವ ಮಾಹಿತಿ ಯಾವ ರೂಪದಲ್ಲಿ ಬೇಕೆಂದು ಹೇಳುವ ಒಂದು ಜೇಸನ್ ಸ್ಕೀಮಾ ಇರುತ್ತದೆ. ಟೂಲಿನ ಒಳಗಿನ ಕೋಡ್ ಸಾಮಾನ್ಯವಾಗಿ ಮಾದರಿಗೆ ಕಾಣುವುದಿಲ್ಲ. ಕಾಣುವುದು ಇಷ್ಟೇ, ಮತ್ತು ಇದರ ಆಧಾರದ ಮೇಲೆಯೇ ಅದು ಈ ಟೂಲೋ ಆ ಟೂಲೋ ಎಂದು ತೀರ್ಮಾನಿಸಬೇಕು.

ಹೀಗಿರುವಾಗ ವಿವರಣೆಯಲ್ಲಿ ಬಿಟ್ಟುಹೋದ ಮಾತು ಏನಾಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಪ್ರೋಗ್ರಾಮರ್ ಆಗಿದ್ದರೆ ಕೈಪಿಡಿಯಲ್ಲಿ ಇಲ್ಲದ್ದನ್ನು ನಮ್ಮ ಸಪೋರ್ಟಿಗೆ ಫೋನ್ ಮಾಡಿ ಕೇಳುತ್ತಿದ್ದರು, ಹಳೆಯ ಮೇಲ್ ಹುಡುಕುತ್ತಿದ್ದರು, ಇಲ್ಲವೇ ಟೆಸ್ಟ್ ಸರ್ವರಿನಲ್ಲಿ ಎರಡು ಸಲ ಓಡಿಸಿ ನೋಡುತ್ತಿದ್ದರು. ಕೈಪಿಡಿಗಳು ಇಷ್ಟು ವರ್ಷ ಅರ್ಧಂಬರ್ಧವಾಗಿದ್ದೂ ಕೆಲಸ ನಡೆದದ್ದು ಈ ವಿಚಾರಿಸುವ ಜನರಿಂದಾಗಿಯೇ. ಏಜೆಂಟ್ ಹಾಗಲ್ಲ, ಖಾಲಿ ಉಳಿದ ಜಾಗವನ್ನು ಅದು ತನಗೆ ಸಂಭವನೀಯವೆನಿಸಿದ್ದರಿಂದ ತುಂಬಿಕೊಂಡು ಮುಂದೆ ಹೋಗುತ್ತದೆ, ಮತ್ತು ಹಾಗೆ ತುಂಬಿಕೊಂಡದ್ದು ಉತ್ತರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಚೆಂಬೂರಿನ ಕಡೆಯ ಮಾಲೀಕರೊಬ್ಬರು ಒಂದು ವಾರ ಬಳಸಿ ನೋಡಿದ ಮೇಲೆ ನನಗೆ ಹೇಳಿದ್ದು ಹೀಗೆ: "ನಿಮ್ಮ ಏಜೆಂಟ್ ಹುಷಾರಿದೆ ಮಾರಾಯ್ರೆ, ಆದ್ರೆ ಗೊತ್ತಿಲ್ದಿದ್ರೆ ಕೇಳ್ಬೇಕು ಅಂತ ಅದಕ್ಕೆ ಯಾರೂ ಹೇಳಿ ಕೊಟ್ಟ ಹಾಗಿಲ್ಲ." ಅವರ ಮಾತು ಅಕ್ಷರಶಃ ನಿಜ. ಕೇಳು ಎಂದು ವಿವರಣೆಯಲ್ಲಿ ಬರೆದರೆ ಅದು ಬಹುಮಟ್ಟಿಗೆ ಕೇಳುತ್ತದೆ. ಎಲ್ಲಿ ಕೇಳಬೇಕೆಂದು ನಮಗೇ ತಿಳಿದಿರಬೇಕು, ಅಷ್ಟೇ.

ಅವರು ಹಾಗೆಂದದ್ದು ಸ್ಟಾಕಿನ ವಿಷಯದಲ್ಲಿ. ನಮ್ಮಲ್ಲಿ ಸ್ಟಾಕ್ ತೋರಿಸುವ ಒಂದು ಟೂಲ್ ಇದೆ. ಅದರ ಹಳೆಯ ವಿವರಣೆ ಒಂದೇ ಸಾಲಿನದು: "ಐಟಮ್ ಕೋಡ್ ಕೊಟ್ಟರೆ ಅದರ ಸ್ಟಾಕ್ ಕೊಡುತ್ತದೆ." ಉತ್ತರದಲ್ಲಿ ಬರುತ್ತಿದ್ದದ್ದು ಒಂದು ಅಂಕಿ, ಉದಾಹರಣೆಗೆ 12. ಹೋಟೆಲಿನ ಉಗ್ರಾಣದಲ್ಲಿ ಉದ್ದಿನಬೇಳೆ ಕಿಲೋ ಲೆಕ್ಕ, ಅಕ್ಕಿ ಮೂಟೆಯ ಲೆಕ್ಕ, ಎಣ್ಣೆ ಡಬ್ಬದ ಲೆಕ್ಕ, ತೆಂಗಿನಕಾಯಿ ಎಣಿಕೆಯ ಲೆಕ್ಕ. ಯಾವುದಕ್ಕೆ ಯಾವ ಲೆಕ್ಕ ಎಂಬುದು ಐಟಮ್ ಮಾಸ್ಟರಿನಲ್ಲಿ ಬೇರೆಯಾಗಿ ಇರುತ್ತದೆ, ಮತ್ತು ಉಗ್ರಾಣ ನೋಡಿಕೊಳ್ಳುವವನಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಏಜೆಂಟಿಗೆ ಹೇಳಲೇಬೇಕು. ಹನ್ನೆರಡು ಮೂಟೆ ಅಕ್ಕಿಯನ್ನು ಹನ್ನೆರಡು ಕಿಲೋ ಎಂದುಕೊಂಡು, ನಾಳೆಗೇ ಅಕ್ಕಿ ಮುಗಿಯುತ್ತದೆ, ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಆರ್ಡರ್ ಕಳಿಸಲೇ ಎಂದು ಅದು ಮಾಲೀಕರನ್ನು ಎಚ್ಚರಿಸಿತ್ತು. ಅವರಿಗೆ ನಗು ಬಂತು. ಆದರೆ ಆರ್ಡರ್ ಕಳಿಸುವ ಅಧಿಕಾರವೂ ಏಜೆಂಟಿಗೆ ಇದ್ದಿದ್ದರೆ ನಗುವ ಪ್ರಶ್ನೆ ಬರುತ್ತಿರಲಿಲ್ಲ.

ಈಗಿನ ವಿವರಣೆ ಸ್ವಲ್ಪ ಉದ್ದವಾಗಿದೆ. "ಒಂದು ಐಟಮ್ ಉಗ್ರಾಣದಲ್ಲಿ ಈ ಕ್ಷಣದಲ್ಲಿ ಎಷ್ಟಿದೆ ಎಂಬುದನ್ನು ಕೊಡುತ್ತದೆ. ಪ್ರಮಾಣದ ಜೊತೆಗೆ ಅಳತೆಯೂ ಬರುತ್ತದೆ. ಅಳತೆ ಬೇರೆಯಾಗಿರುವ ಐಟಮ್‌ಗಳನ್ನು ಕೂಡಿಸಬಾರದು, ಹೋಲಿಸಬಾರದು. ಮೂಟೆಯ ತೂಕ ಐಟಮ್‌ನಿಂದ ಐಟಮ್‌ಗೆ ಬದಲಾಗುತ್ತದೆ. ಕಿಲೋದಲ್ಲಿ ಬೇಕಾದರೆ ಉತ್ತರದಲ್ಲಿರುವ ಒಟ್ಟು ಕಿಲೋ ಎಂಬ ಅಂಕಿಯನ್ನೇ ಬಳಸಬೇಕು. ಅಡುಗೆಮನೆಗೆ ಈಗಾಗಲೇ ಕೊಟ್ಟುಹೋದದ್ದು ಇದರಲ್ಲಿ ಸೇರಿಲ್ಲ." ಕೊನೆಯ ವಾಕ್ಯ ಬರೆಯಲು ಬಹಳ ಹೊತ್ತು ಹಿಡಿಯಿತು, ಏಕೆಂದರೆ ಅಡುಗೆಮನೆಗೆ ಹೋದದ್ದು ಸ್ಟಾಕಿನಿಂದ ಯಾವಾಗ ಕಳೆಯುತ್ತದೆ ಎಂಬುದರಲ್ಲಿ ನಮ್ಮ ಪ್ರೋಗ್ರಾಮರುಗಳಲ್ಲೇ ಒಮ್ಮತ ಇರಲಿಲ್ಲ. ಕೋಡ್ ಓದಿ ನೋಡಬೇಕಾಯಿತು. ಈ ಕೆಲಸದಲ್ಲಿ ಹೆಚ್ಚಿನ ಹೊತ್ತು ಹೋಗುವುದು ವಾಕ್ಯ ರಚನೆಗಲ್ಲ, ನಿಜವಾಗಿ ಏನು ನಡೆಯುತ್ತದೆ ಎಂದು ಪತ್ತೆಮಾಡುವುದಕ್ಕೆ.

ದಿನಾಂಕದ್ದು ಇದಕ್ಕಿಂತ ಸ್ವಾರಸ್ಯದ ಕಥೆ. ನಮ್ಮ ಸರ್ವರಿನಲ್ಲಿ ಸಮಯವನ್ನು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ ದಾಖಲಿಸುತ್ತೇವೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆದ್ದರಿಂದ ಯುಟಿಸಿಯ ಲೆಕ್ಕದಲ್ಲಿ ಹೊಸ ದಿನ ಶುರುವಾಗುವುದು ನಮ್ಮ ಬೆಳಗಿನ 5:30ಕ್ಕೆ. ದಿನದ ವ್ಯಾಪಾರ ಕೊಡುವ ಟೂಲ್ ಈ ಯುಟಿಸಿ ದಿನವನ್ನೇ ಹಿಡಿದು ಲೆಕ್ಕ ಹಾಕುತ್ತಿತ್ತು. ಬಾರ್ ಮತ್ತು ರೆಸ್ಟೋರೆಂಟ್ ನಡೆಸುವವರಿಗೆ ಇದರಿಂದ ಯಾವ ತೊಂದರೆಯೂ ಕಾಣಲಿಲ್ಲ, ಯಾಕೆಂದರೆ ಮಧ್ಯರಾತ್ರಿ ಕಳೆದು 12:40ಕ್ಕೆ ಆದ ಬಿಲ್ಲು ಹಿಂದಿನ ದಿನದ ಲೆಕ್ಕಕ್ಕೇ ಹೋಗುತ್ತಿತ್ತು, ಮತ್ತು ಅವರಿಗೆ ಬೇಕಾದದ್ದೂ ಅದೇ. ಆದರೆ ರೈಲ್ವೆ ಸ್ಟೇಷನ್ನಿನ ಪಕ್ಕದಲ್ಲಿ ಬೆಳಗಿನ ಐದಕ್ಕೇ ಬಾಗಿಲು ತೆರೆಯುವ ಹೋಟೆಲಿನಲ್ಲಿ, ಮೊದಲ ಲೋಕಲ್ ಹಿಡಿಯುವವರು ಕುಡಿದುಹೋದ ಚಹಾದ ಬಿಲ್ಲುಗಳೂ ಹಿಂದಿನ ದಿನಕ್ಕೇ ಸೇರಿಕೊಳ್ಳುತ್ತಿದ್ದವು. ಒಂದೇ ದೋಷ ಒಂದು ಕಡೆ ಸರಿಯಾದ ಉತ್ತರವನ್ನೂ ಇನ್ನೊಂದು ಕಡೆ ತಪ್ಪು ಉತ್ತರವನ್ನೂ ಕೊಡುತ್ತಿತ್ತು. ಅದು ಇಷ್ಟು ಕಾಲ ಬೆಳಕಿಗೆ ಬಾರದೆ ಇದ್ದದ್ದು ಅದರಿಂದಲೇ. ಕೌಂಟರಿನಲ್ಲಿ ಕೂತವರು ಆ ರಿಪೋರ್ಟನ್ನು ನೋಡುತ್ತಲೇ ಇರಲಿಲ್ಲ, ಅವರು ನಂಬುತ್ತಿದ್ದದ್ದು ರಾತ್ರಿ ಕ್ಯಾಶ್ ಎಣಿಸಿ ಬರೆದ ಪುಸ್ತಕವನ್ನು.

ವಿವರಣೆಯಲ್ಲಿ ಈಗ ಮೂರು ಸಂಗತಿ ಸ್ಪಷ್ಟವಾಗಿದೆ. ವ್ಯಾಪಾರದ ದಿನ ಎಂದರೆ ಆ ಹೋಟೆಲು ಸೆಟ್ಟಿಂಗಿನಲ್ಲಿ ಗೊತ್ತುಮಾಡಿಕೊಂಡ ಗಂಟೆಯಿಂದ ಮರುದಿನದ ಅದೇ ಗಂಟೆಯವರೆಗೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, 2025-04-07 ಎಂಬಂತೆ ಕೊಡಬೇಕು. 07/04 ಎಂದರೆ ನಮಗೆ ಏಪ್ರಿಲ್ ಏಳು, ಅಮೆರಿಕದವರಿಗೆ ಜುಲೈ ನಾಲ್ಕು, ಮತ್ತು ಮಾದರಿ ಎರಡೂ ದೇಶಗಳ ಬರಹವನ್ನು ಓದಿ ಕಲಿತದ್ದು. "ಈ ವರ್ಷ" ಎಂದು ಕೇಳಿದರೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಹಣಕಾಸು ವರ್ಷವೋ ಕ್ಯಾಲೆಂಡರ್ ವರ್ಷವೋ ಎಂದು ಮಾಲೀಕರನ್ನು ಕೇಳಬೇಕು. ಇದರ ಜೊತೆಗೆ, ಯಾವ ಸಮಯದಿಂದ ಯಾವ ಸಮಯದವರೆಗಿನ ಬಿಲ್ಲುಗಳನ್ನು ಲೆಕ್ಕಕ್ಕೆ ಹಿಡಿಯಲಾಗಿದೆ ಎಂಬುದನ್ನು ಟೂಲು ತನ್ನ ಉತ್ತರದಲ್ಲೂ ಹೇಳುವಂತೆ ಮಾಡಿಸಿದೆವು. ಕೈಪಿಡಿಯನ್ನು ಮರೆತರೂ ಉತ್ತರದ ಮೇಲಿರುವ ಸಮಯ ಕಣ್ಣೆದುರಿಗೇ ಇರುತ್ತದೆ.

ಹಣದ ಅಂಕಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಲವು ಪೇಮೆಂಟ್ ಗೇಟ್‌ವೇಗಳು ಮೊತ್ತವನ್ನು ಪೈಸೆಯಲ್ಲಿ ಕೇಳುತ್ತವೆ, ಬಿಲ್ಲಿಂಗ್ ಸಾಫ್ಟ್‌ವೇರುಗಳು ರೂಪಾಯಿಯಲ್ಲಿ ಇಡುತ್ತವೆ. ಫೀಲ್ಡಿನ ಹೆಸರಿನಲ್ಲಿಯೇ ಪೈಸೆ ಅಥವಾ ರೂಪಾಯಿ ಎಂದು ಸೇರಿಸಿಬಿಟ್ಟರೆ ವಾದಕ್ಕೆ ಜಾಗವಿಲ್ಲ. ಹಾಗೆಯೇ, ರೆಸ್ಟೋರೆಂಟಿನ ಊಟಕ್ಕೆ ಸಾಮಾನ್ಯವಾಗಿ ಇರುವ ಶೇಕಡ 5ರ ಜಿಎಸ್‌ಟಿ ಬೆಲೆಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೂ ಅಲ್ಲೇ ಹೇಳಬೇಕು.

ಒಂದು ಟೂಲ್ ಏನು ಮಾಡುತ್ತದೆ ಎಂದು ಬರೆಯುವುದು ಎಲ್ಲರಿಗೂ ಹೊಳೆಯುತ್ತದೆ. ಅದನ್ನು ಯಾವಾಗ ಬಳಸಬಾರದು ಎಂದು ಬರೆಯುವುದು ಕಡಿಮೆ, ಆದರೆ ಏಜೆಂಟಿಗೆ ಹೆಚ್ಚು ಉಪಯೋಗವಾಗುವುದು ಅದೇ. ನಮ್ಮಲ್ಲಿ ಬಿಲ್ಲುಗಳ ಪಟ್ಟಿ ಕೊಡುವ ಟೂಲ್ ಒಂದು, ಒಟ್ಟು ಮೊತ್ತ ಕೊಡುವ ದಿನದ ವ್ಯಾಪಾರದ ಟೂಲ್ ಇನ್ನೊಂದು. ಎರಡರ ವಿವರಣೆಯೂ "ಮಾರಾಟದ ಮಾಹಿತಿ" ಎಂದೇ ಶುರುವಾಗುತ್ತಿದ್ದುದರಿಂದ, ತಿಂಗಳ ವ್ಯಾಪಾರ ಎಷ್ಟು ಎಂದು ಕೇಳಿದಾಗ ಏಜೆಂಟ್ ಸಾವಿರಾರು ಬಿಲ್ಲುಗಳ ಪಟ್ಟಿಯನ್ನು ತರಿಸಿ ತಾನೇ ಕೂಡಿಸಲು ಕೂರುತ್ತಿತ್ತು. ಪಟ್ಟಿ ಪುಟಪುಟವಾಗಿ ಬರುತ್ತದೆ, ಏಜೆಂಟ್ ಮೊದಲ ಪುಟವನ್ನಷ್ಟೇ ನೋಡಿ ಕೂಡಿಸಿದ ಮೊತ್ತ ನೋಡುವುದಕ್ಕೆ ಸರಿಯೆಂಬಂತೆಯೇ ಇರುತ್ತದೆ. "ಒಟ್ಟು ಮೊತ್ತಕ್ಕಾಗಿ ಈ ಟೂಲನ್ನು ಬಳಸಬಾರದು, ಅದಕ್ಕೆ ದಿನದ ವ್ಯಾಪಾರದ ಟೂಲ್ ಇದೆ, ಒಂದು ನಿರ್ದಿಷ್ಟ ಬಿಲ್ಲನ್ನು ಹುಡುಕುವಾಗ ಮಾತ್ರ ಇದು" ಎಂದು ಪಟ್ಟಿಯ ಟೂಲಿನ ಮೊದಲ ಸಾಲಿಗೇ ಹಾಕಿದ ಮೇಲೆ ಆ ಸಮಸ್ಯೆ ಬಹುತೇಕ ನಿಂತಿತು.

ಎರರ್ ಸಂದೇಶಗಳೂ ಡಾಕ್ಯುಮೆಂಟೇಶನ್ನಿನ ಭಾಗವೇ ಎಂಬುದು ನನ್ನ ದೃಢವಾದ ಅಭಿಪ್ರಾಯ, ಇದನ್ನು ಒಪ್ಪದ ಪ್ರೋಗ್ರಾಮರುಗಳೊಡನೆ ಜಗಳವನ್ನೂ ಆಡಿದ್ದೇನೆ. ಕೆಲಸ ಕೆಟ್ಟ ಕ್ಷಣದಲ್ಲಿ ಏಜೆಂಟ್ ಓದುವುದು ಕೈಪಿಡಿಯನ್ನಲ್ಲ, ಕೈಗೆ ಬಂದ ಎರರನ್ನು. ಎಂಸಿಪಿಯ ನಿಯಮಗಳಲ್ಲೂ ಟೂಲಿನೊಳಗೆ ಆದ ತೊಂದರೆಯನ್ನು ಪ್ರೋಟೋಕಾಲಿನ ಎರರ್ ಎಂದು ಎಸೆಯದೆ, ಫಲಿತಾಂಶದೊಳಗೇ ಎರರ್ ಎಂಬ ಗುರುತು ಹಾಕಿ ಕಳಿಸಬೇಕೆಂದು ಹೇಳಿರುವುದು ಮಾದರಿ ಅದನ್ನು ಓದಿ ತಿದ್ದಿಕೊಳ್ಳಲಿ ಎಂದೇ. "ಅಮಾನ್ಯ ವಿನಂತಿ" ಎಂದಷ್ಟೇ ಹೇಳಿದರೆ ಅದು ಏನನ್ನು ತಿದ್ದಿಕೊಳ್ಳಬೇಕು? ಅದೇ ಕೋರಿಕೆಯನ್ನು ಸ್ವಲ್ಪ ಬದಲಿಸಿ ಮತ್ತೆ ಮತ್ತೆ ಕಳಿಸುತ್ತದೆ. "14ನೇ ಟೇಬಲಿಗೆ ಇನ್ನೂ ಕಳಿಸದ ಕೆಒಟಿ (ಅಡುಗೆಮನೆಯ ಆರ್ಡರ್ ಚೀಟಿ) ಇದೆ, ಅದನ್ನು ಅಡುಗೆಮನೆಗೆ ಕಳಿಸಿ ಅಥವಾ ತೆಗೆದುಹಾಕಿ, ಆಮೇಲೆ ಬಿಲ್ ಮಾಡಿ" ಎಂದರೆ ಮುಂದಿನ ಹೆಜ್ಜೆ ಯಾರಿಗಾದರೂ ಗೊತ್ತಾಗುತ್ತದೆ. ಮತ್ತೆ ಪ್ರಯತ್ನಿಸಬಹುದೋ ಬಾರದೋ ಎಂಬುದನ್ನೂ ಎರರಿನಲ್ಲೇ ಹೇಳಬೇಕು. ವೆಬ್ಬಿನ ಎಚ್‌ಟಿಟಿಪಿಯಲ್ಲಿ, ಕೋರಿಕೆಗಳು ಅತಿಯಾದವು ಎನ್ನುವ 429 ಎಂಬ ಸಂಕೇತದ ಜೊತೆಗೆ ಎಷ್ಟು ಹೊತ್ತು ಕಾಯಬೇಕೆಂದು ತಿಳಿಸುವ ಪದ್ಧತಿ ಇದೆಯಲ್ಲ, ಆ ಸೌಜನ್ಯ ಉಳಿದ ಎರರುಗಳಿಗೂ ಬೇಕು.

ಮತ್ತೆ ಪ್ರಯತ್ನಿಸುವ ವಿಚಾರ ಹಣಕ್ಕೆ ತಾಗುವಲ್ಲಿ ಗಂಭೀರವಾಗುತ್ತದೆ. ಯುಪಿಐಯಲ್ಲಿ ಗಿರಾಕಿಗೆ ಹಣ ಮರಳಿಸುವಂತೆ ಹೇಳಿದಾಗ ನೆಟ್‌ವರ್ಕ್ ಕಡಿದು ಉತ್ತರ ಬಾರದಿದ್ದರೆ, ಹಣ ಹೋಯಿತೋ ಇಲ್ಲವೋ ಏಜೆಂಟಿಗೆ ತಿಳಿಯುವುದಿಲ್ಲ. ಎರಡನೇ ಸಲ ಕರೆದರೆ ಎರಡು ಸಲ ಹೋಗಬಹುದು. ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಹೊಸದಾಗಿ ಏನನ್ನೂ ಮಾಡದೆ ಹಳೆಯ ಉತ್ತರವನ್ನೇ ಕೊಡುವ ಏರ್ಪಾಡು ಪೇಮೆಂಟ್ ಕ್ಷೇತ್ರದಲ್ಲಿ ಹಳೆಯದು. ಹೀಗೆ ಎಷ್ಟು ಸಲ ಕರೆದರೂ ಪರಿಣಾಮ ಒಂದೇ ಆಗಿರುತ್ತದೆಯೇ, ಟೂಲ್ ಬರೀ ಓದುತ್ತದೆಯೇ, ಇದ್ದದ್ದನ್ನು ಅಳಿಸುತ್ತದೆಯೇ ಎಂಬುದನ್ನು ಗುರುತಿಸಲು ಎಂಸಿಪಿಯಲ್ಲಿ ಬೇರೆ ಬೇರೆ ಸೂಚನೆಗಳಿವೆ. ಅವುಗಳನ್ನು ತುಂಬುವುದು ಐದು ನಿಮಿಷದ ಕೆಲಸ. ಆದರೂ ಬಹಳ ಕಡೆ ಖಾಲಿಯೇ ಇರುತ್ತವೆ. ಅಪರಿಚಿತ ಸರ್ವರಿನಿಂದ ಬಂದ ಇಂಥ ಸೂಚನೆಗಳನ್ನು ನಂಬಬಾರದು ಎಂದೂ ಅದೇ ನಿಯಮಾವಳಿ ಹೇಳುತ್ತದೆ, ಅದೂ ಸರಿಯೇ.

ಇಲ್ಲಿಗೆ ಬಂದಾಗ ಡಾಕ್ಯುಮೆಂಟೇಶನ್ ಮಾಡುವವರು ಬಾಯಿ ಬಿಟ್ಟು ಹೇಳಬೇಕಾದ ಒಂದು ಮಾತಿದೆ. ಒಂದು ಟೂಲಿನ ವಿವರಣೆಯಲ್ಲಿ ಎಚ್ಚರಿಕೆಯ ಮೇಲೆ ಎಚ್ಚರಿಕೆ ಬರೆಯಬೇಕಾಗಿ ಬಂದರೆ, ಬದಲಾಗಬೇಕಾದದ್ದು ವಿವರಣೆಯಲ್ಲ, ಟೂಲು. ನಮ್ಮ ಬಿಲ್ ತಿದ್ದುವ ಟೂಲು ಒಂದು ಆಯ್ಕೆಗೆ 1 ಕೊಟ್ಟರೆ ಬಿಲ್ ರದ್ದು ಮಾಡುತ್ತಿತ್ತು, 2 ಕೊಟ್ಟರೆ ರಿಯಾಯಿತಿ ಹಾಕುತ್ತಿತ್ತು, 3 ಕೊಟ್ಟರೆ ಹಣ ಮರಳಿಸುತ್ತಿತ್ತು. ಇದನ್ನು ಎಷ್ಟೇ ಚೆನ್ನಾಗಿ ವಿವರಿಸಿದರೂ ಒಂದು ಅಂಕಿಯ ಅಂತರದಲ್ಲಿ ಅನಾಹುತ ಕಾದಿರುತ್ತದೆ. ಅದನ್ನು ಮೂರು ಟೂಲುಗಳಾಗಿ ಒಡೆಸಿ, ಪ್ರತಿಯೊಂದಕ್ಕೂ ಅದು ಮಾಡುವ ಕೆಲಸದ ಹೆಸರನ್ನೇ ಇಟ್ಟ ಮೇಲೆ ಅರ್ಧದಷ್ಟು ವಿವರಣೆ ಬೇಡವಾಯಿತು. ಹಾಗೆಂದು ಎಲ್ಲವನ್ನೂ ಒಡೆಯುತ್ತಾ ಹೋಗುವುದೂ ಸರಿಯಲ್ಲ. ಟೂಲುಗಳ ವಿವರಣೆಗಳು ಸಾಮಾನ್ಯವಾಗಿ ಮಾದರಿಯ ಕಾಂಟೆಕ್ಸ್ಟಿನಲ್ಲಿ, ಅಂದರೆ ಅದು ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಬರಹದಲ್ಲಿ, ಜಾಗ ಹಿಡಿಯುತ್ತವೆ, ಒಂದೇ ತೆರನ ಟೂಲುಗಳು ಹೆಚ್ಚಾದಷ್ಟೂ ಆಯ್ಕೆ ಕೆಡುತ್ತದೆ. ಸೆಕ್ಷನ್‌ವಾರು ಮೆನು ತೋರಿಸುವ ನಮ್ಮ ಹಲವು ಟೂಲುಗಳನ್ನು ಒಂದಾಗಿಸಿ, ಸೆಕ್ಷನ್ ಯಾವುದೆಂದು ಸ್ಕೀಮಾದಲ್ಲೇ ಪಟ್ಟಿಮಾಡಿ ಕೊಟ್ಟೆವು. ಹಾನಿ ಮಾಡುವ ಕೆಲಸಗಳನ್ನು ಬೇರೆಬೇರೆ ಇಡುವುದು, ಬರೀ ಓದುವ ಕೆಲಸಗಳನ್ನು ಒಟ್ಟುಗೂಡಿಸುವುದು ಎಂಬಷ್ಟು ಮಟ್ಟಿಗೆ ಈಗ ನಾವು ಒಪ್ಪಿಕೊಂಡಿದ್ದೇವೆ.

ಎಷ್ಟು ಉದ್ದ ಬರೆಯಬೇಕು ಎಂದು ಕೇಳುವವರಿಗೆ ನಾನು ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನ ಹಳೆಯ ಕೈಪಿಡಿಯನ್ನು ತೋರಿಸುತ್ತೇನೆ. 1971ರ ನವೆಂಬರಿನಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಸಿದ್ಧಪಡಿಸಿದ ಅದರ ಮೊದಲ ಆವೃತ್ತಿಯಲ್ಲಿ ಪ್ರತಿ ಕಮಾಂಡಿಗೂ ಹೆಸರು, ಬಳಸುವ ಕ್ರಮ, ವಿವರಣೆ, ಬರಬಹುದಾದ ದೋಷ ಸೂಚನೆಗಳು ಎಂಬ ತಲೆಬರಹಗಳಿದ್ದವು, ಜೊತೆಗೆ "ಬಗ್ಸ್" ಎಂಬ ತಲೆಬರಹವೂ ಇತ್ತು. ಈ ಕಮಾಂಡಿನಲ್ಲಿ ಇಂತಿಂಥ ಕೊರತೆ ಇದೆ ಎಂದು ಮಾಡಿದವರೇ ಅಚ್ಚು ಹಾಕಿಸಿದ್ದರು. ಇಂದಿನ ಉತ್ಪನ್ನಗಳ ಕೈಪಿಡಿಗಳಲ್ಲಿ ಆ ಪ್ರಾಮಾಣಿಕತೆ ಅಪರೂಪ, ಮಾರ್ಕೆಟಿಂಗಿನವರು ಅದಕ್ಕೆ ಒಪ್ಪುವುದೂ ಇಲ್ಲ. ಏಜೆಂಟಿನ ವಿವರಣೆಯನ್ನು ಮಾರ್ಕೆಟಿಂಗಿನವರು ಓದುವುದಿಲ್ಲವೆಂಬುದು ಒಂದು ಸಮಾಧಾನ. ಅಲ್ಲಿ "ಶಕ್ತಿಶಾಲಿ", "ಸಮಗ್ರ" ಎಂಬ ಮಾತುಗಳನ್ನೆಲ್ಲ ಕಿತ್ತುಹಾಕಿ, "ರದ್ದಾದ ಬಿಲ್ಲುಗಳು ಈ ಮೊತ್ತದಿಂದ ಕಳೆದಿರುವುದಿಲ್ಲ" ಎಂಬಂಥ ವಾಕ್ಯಗಳನ್ನು ಸೇರಿಸಬಹುದು.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯುವ ದಾರಿ ಓಡಿಸಿ ನೋಡುವುದೇ. ಹೋಟೆಲಿನವರು ನಿಜವಾಗಿ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ, ಕನ್ನಡ, ಮರಾಠಿ, ಹಿಂದಿ ಬೆರೆತಂತೆಯೇ ಇಟ್ಟುಕೊಂಡಿದ್ದೇವೆ. ವಿವರಣೆಯಲ್ಲಿ ಒಂದು ಸಾಲು ಬದಲಾದರೂ ಅವನ್ನೆಲ್ಲ ಮತ್ತೆ ಏಜೆಂಟಿಗೆ ಕೊಟ್ಟು, ಯಾವ ಟೂಲನ್ನು ಏನು ಕೊಟ್ಟು ಕರೆಯಿತು ಎಂಬ ಲಾಗನ್ನು ಓದುತ್ತೇವೆ. ಉತ್ತರಕ್ಕಿಂತ ಲಾಗ್ ಮುಖ್ಯ, ಏಕೆಂದರೆ ತಪ್ಪು ದಾರಿಯಲ್ಲಿ ಹೋಗಿಯೂ ಉತ್ತರ ಸರಿಯಾಗಿ ಬಂದಿರಬಹುದು. ಇದರಲ್ಲಿ ಪದೇ ಪದೇ ಎಡವುತ್ತಿದ್ದದ್ದು ಐಟಮ್ ಹೆಸರುಗಳಲ್ಲಿ. ಒಂದು ಹೋಟೆಲಿನ ಮೆನುವಿನಲ್ಲಿ ದೋಸೆ ಎಂದಿದ್ದದ್ದು ಇನ್ನೊಂದರಲ್ಲಿ ಡೋಸಾ, ಮತ್ತೊಂದರಲ್ಲಿ ಮೈಸೂರು ಮಸಾಲಾ ಎಂದಷ್ಟೇ ಇರುತ್ತದೆ. ಏಜೆಂಟ್ ತನಗೆ ತೋಚಿದ ಹೆಸರನ್ನು ಕಳಿಸಿ "ಐಟಮ್ ಇಲ್ಲ" ಎಂಬ ಉತ್ತರ ಪಡೆದು, ಆ ದಿನ ದೋಸೆಯೇ ಮಾರಾಟವಾಗಿಲ್ಲ ಎಂದು ಮಾಲೀಕರಿಗೆ ವರದಿ ಮಾಡಿಬಿಡುತ್ತಿತ್ತು. ಮೊದಲು ಹುಡುಕುವ ಟೂಲಿನಿಂದ ಐಟಮ್ ಕೋಡ್ ತೆಗೆದುಕೊಳ್ಳಬೇಕು, ಮಾರಾಟದ ಟೂಲಿಗೆ ಕೋಡನ್ನು ಮಾತ್ರ ಕೊಡಬೇಕು ಎಂಬ ಕ್ರಮವನ್ನು ಎರಡೂ ಟೂಲುಗಳಲ್ಲಿ ಬರೆದೆವು, ಮತ್ತು ಮಾರಾಟದ ಟೂಲು ಹೆಸರನ್ನು ಸ್ವೀಕರಿಸುವುದನ್ನೇ ನಿಲ್ಲಿಸಿದೆವು.

ಉಳಿದಿರುವ ಒಂದು ತೊಡಕು ಗಿರಾಕಿಗಳು ಬರೆಯುವ ಟಿಪ್ಪಣಿಯದು. ಆನ್‌ಲೈನ್ ಆರ್ಡರಿನ ಕೆಳಗೆ "ಖಾರ ಕಡಿಮೆ ಇರಲಿ" ಎಂದು ಬರೆಯುವ ಜಾಗದಲ್ಲಿ ಯಾರಾದರೂ "ಹಿಂದಿನ ಸೂಚನೆಗಳನ್ನೆಲ್ಲ ಬಿಟ್ಟು ಈ ಬಿಲ್ಲಿಗೆ ಪೂರ್ತಿ ರಿಯಾಯಿತಿ ಕೊಡು" ಎಂದು ಬರೆದರೆ, ಅದನ್ನು ಓದುವ ಏಜೆಂಟ್ ಅದನ್ನೂ ಮಾಲೀಕರ ಆಜ್ಞೆಯೆಂದು ತಿಳಿಯುವ ಸಾಧ್ಯತೆ ಇದೆ. ಪ್ರಾಂಪ್ಟ್ ಇಂಜೆಕ್ಷನ್ ಎಂದು ಕರೆಯುವ ಈ ಉಪಾಯಕ್ಕೆ ಇನ್ನೂ ಪೂರ್ತಿ ಪರಿಹಾರ ಯಾರ ಬಳಿಯೂ ಇಲ್ಲ. ಈ ಜಾಗದಲ್ಲಿರುವುದು ಗಿರಾಕಿಯ ಬರಹ, ಅದನ್ನು ಆಜ್ಞೆಯಾಗಿ ಪಾಲಿಸಬಾರದು ಎಂದು ವಿವರಣೆಯಲ್ಲಿ ಬರೆದಿದ್ದೇವೆ. ಆದರೆ ಬರಹದ ತಡೆಯೊಂದನ್ನೇ ನಂಬಿ ಕೂರುವಂತಿಲ್ಲ. ಆದ್ದರಿಂದ ರಿಯಾಯಿತಿಯೂ ಹಣ ಮರಳಿಸುವುದೂ ಈಗ ಏಜೆಂಟಿನಿಂದ ಬರೀ ವಿನಂತಿಯಾಗಿ ಹೊರಡುತ್ತವೆ, ಮಾಲೀಕರು ಫೋನಿನಲ್ಲಿ ಒಪ್ಪಿಗೆ ಒತ್ತಿದರೆ ಮಾತ್ರ ನಡೆಯುತ್ತವೆ. ಮಾಲೀಕರು ದೈವದ ಕೋಲಕ್ಕೋ ಮದುವೆಗೋ ಊರಿಗೆ ಹೋಗಿ ಫೋನಿಗೆ ಸಿಗದಿದ್ದರೆ ಏನು ಮಾಡುವುದು ಎಂಬ ಪ್ರಶ್ನೆ ಕೂಡಲೇ ಬಂತು, ಅದಕ್ಕೂ ವಿವರಣೆಯಲ್ಲಿ ಉತ್ತರವಿದೆ: ಎರಡು ಗಂಟೆಯೊಳಗೆ ಒಪ್ಪಿಗೆ ಬಾರದ ವಿನಂತಿ ತಾನಾಗಿ ಬಿದ್ದುಹೋಗುತ್ತದೆ, ಏಜೆಂಟ್ ಅದನ್ನು ತಾನಾಗಿ ಮತ್ತೆ ಕಳಿಸಬಾರದು, ಕೌಂಟರಿನಲ್ಲಿರುವವರಿಗೆ ತಿಳಿಸಬೇಕು.